ಮೂರು ವರ್ಷ ಓಡುವ ಲಾರ್ಪ್ ಕ್ಯಾಂಪೇನ್ ನಡೆಸೋದು ಹೇಗೆ? (26 ಜನ, ವಾರಾಂತ್ಯದ ಆಟ)

ಲೆಸ್ಟರ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ನಮ್ಮದೊಂದು ಸಣ್ಣ ಲಾರ್ಪ್ ಗುಂಪು (ಲಾರ್ಪ್ ಅಂದರೆ ವೇಷ ತೊಟ್ಟು, ಪಾತ್ರವಾಗಿಯೇ ಓಡಾಡಿ, ಮಾತಾಡಿ, ಮೆತ್ತನೆ ಆಯುಧ ಹಿಡಿದು ಹೋರಾಡಿ ಆಡುವ ಕಥೆಯಾಟ). ಆಡುವವರು 26, ನಡೆಸುವವರು ಮೂವರು, ಸುಮಾರು ಅರ್ಧ ಜನ ಕನ್ನಡದವರು. ಒಂದೊಂದು ದಿನದ ಎರಡು ಆಟ ಮುಗಿದಿವೆ. ಈಗ ಸ್ಕೌಟ್ ಕ್ಯಾಂಪಿನ ಜಾಗ ಬಾಡಿಗೆಗೆ ಹಿಡಿದು, ವರ್ಷಕ್ಕೆ ನಾಲ್ಕು ವಾರಾಂತ್ಯ, ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ, ಅದೇ ಲೋಕ ಅದೇ ಪಾತ್ರ ಮುಂದುವರಿಯುವ ಕ್ಯಾಂಪೇನ್ ಮಾಡಬೇಕು ಅಂತಿದೆ.

ಒಂದು ದಿನದ ಆಟಕ್ಕೆ ಕಥೆ ಬರೆದು, ಆಡಿಸಿ, ಸಾಮಾನು ಕಟ್ಟಿದರೆ ಮುಗಿಯಿತು. ವರ್ಷಗಟ್ಟಲೆ ಓಡಬೇಕಾದದ್ದರ ಲೆಕ್ಕವೇ ಬೇರೆ. ನಡುವಿನ ತಿಂಗಳುಗಳಲ್ಲಿ ಡೌನ್‌ಟೈಮ್ (ಆಟವಿಲ್ಲದಾಗ ತಮ್ಮ ಪಾತ್ರ ಏನು ಮಾಡುತ್ತೆ ಅಂತ ಆಟಗಾರರು ಬರೆದು ಕಳಿಸೋದು, ನಾವು ಉತ್ತರ ಬರೆಯೋದು) ಹೇಗೆ ನಿಭಾಯಿಸೋದು? ಪ್ಲಾಟ್ ಎಷ್ಟು ಮುಂಚೆ ಬರೆದಿಡಬೇಕು? ಎನ್‌ಪಿಸಿ (ಕಾವಲುಗಾರ, ವ್ಯಾಪಾರಿ, ಶತ್ರು ಹೀಗೆ ನಡೆಸುವವರ ಕಡೆಯ ಪಾತ್ರ) ಆಡೋಕೆ ಎಷ್ಟು ಜನ ಬೇಕು? ನಾಲ್ಕನೇ ಆಟಕ್ಕೆ ಸೇರಿದವರು ಹಳಬರ ಮುಂದೆ ಮಂಕಾಗದ ಹಾಗೆ ಏನು ಮಾಡೋದು? ಅದೇ ಪಾತ್ರ ಮೂರು ವರ್ಷ ಆಡುವವರಿಗೆ ರುಚಿ ಕೆಡದಿರಲು ದಾರಿ ಏನು? ಆಯುಧ, ಸುರಕ್ಷತೆ ಗೊತ್ತಿದ್ದವರೂ ದಯವಿಟ್ಟು ವಿವರವಾಗಿ ಬರೆಯಿರಿ.

---

ಪ್ರಸಂಗಪಟ್ಟಿ

ಮೊದಲ ಕೆಲಸ, ಕ್ಯಾಂಪೇನ್ ಮುಗಿಯುವ ದಿನ ನಿಶ್ಚಯ ಮಾಡಿ. "ಓಡುವಷ್ಟು ದಿನ ಓಡಲಿ" ಅಂತ ಶುರುವಾದ ಆಟ ನಿಲ್ಲುವುದು ಕಥೆ ಮುಗಿದಾಗಲ್ಲ, ನಡೆಸುವವರು ಸುಸ್ತಾದಾಗ. ವರ್ಷಕ್ಕೆ ನಾಲ್ಕು ಅನ್ನುವುದು 2013ರಲ್ಲಿ ಶುರುವಾದ, ಇಂಗ್ಲೆಂಡಿನ ದೊಡ್ಡ ಲಾರ್ಪ್ 'ಎಂಪೈರ್' ಆಟದ ಲಯ. ಅದರ ಹಿಂದೆ ಇದನ್ನೇ ವೃತ್ತಿ ಮಾಡಿಕೊಂಡ ಸಂಸ್ಥೆ ಇದೆ. ಆಫೀಸು ಮುಗಿಸಿ ಸಂಜೆ ಕೂತು ಬರೆಯುವ ಮೂವರಿಗೆ ವರ್ಷಕ್ಕೆ ಮೂರೇ ಸರಿ. ಮೂರು ವರ್ಷ, ಒಂಬತ್ತು ಆಟ, ಒಂಬತ್ತನೆಯದಕ್ಕೆ ಮಂಗಳ. ಜನಕ್ಕೆ ಇನ್ನೂ ಬೇಕು ಅನ್ನಿಸಿದರೆ ಅದೇ ಲೋಕದಲ್ಲಿ ಇಪ್ಪತ್ತು ವರ್ಷ ಮುಂದಿನ ಕಾಲ ಇಟ್ಟುಕೊಂಡು ಹೊಸದು ಶುರು ಮಾಡಬಹುದು.

ಎರಡು ಆಟಗಳ ನಡುವೆ 12 ವಾರ ಇದೆ ಅಂತ ಇಟ್ಟುಕೊಳ್ಳಿ. ಆಟ ಮುಗಿದ 48 ಗಂಟೆಯೊಳಗೆ ಮೂವರೂ ನೆನಪಿದ್ದದ್ದನ್ನೆಲ್ಲ ಒಂದೇ ಕಡತಕ್ಕೆ ಬರೆದುಹಾಕಿ, ಸೊಗಸಾಗಿ ಬರೆಯುವ ಅಗತ್ಯವಿಲ್ಲ. ಎರಡನೇ ವಾರ ಯಾರೂ ಏನೂ ಮಾಡಬೇಡಿ, ಅದು ವಿಶ್ರಾಂತಿ, ಅದನ್ನು ಕ್ಯಾಲೆಂಡರ್‌ನಲ್ಲೇ ಬರೆದಿಡಿ. ಮೂರನೇ ವಾರದ ಕೊನೆಗೆ ಡೌನ್‌ಟೈಮ್ ಕಳಿಸಲು ಕೊನೆ ದಿನ. ನಾಲ್ಕರಿಂದ ಏಳು, ಉತ್ತರ ಬರೆಯೋದು. ಎಂಟನೇ ವಾರ ಎಲ್ಲ ಉತ್ತರಗಳೂ ಒಂದೇ ದಿನ ಹೋಗಬೇಕು. ಒಬ್ಬರಿಗೆ ಮೊದಲೇ ಬಂದು ಇನ್ನೊಬ್ಬರಿಗೆ ಹತ್ತು ದಿನ ತಡವಾದರೆ ವಾಟ್ಸಾಪ್‌ನಲ್ಲೇ ಅರ್ಧ ಆಟ ನಡೆದುಹೋಗುತ್ತೆ. ಹತ್ತನೇ ವಾರಕ್ಕೆ ಪಾತ್ರದ ಹಾಳೆಗಳಲ್ಲಿ ಬದಲಾವಣೆ ಬಂದ್, ಹನ್ನೊಂದರಲ್ಲಿ ಪ್ರಿಂಟ್.

ಡೌನ್‌ಟೈಮ್‌ಗೆ ಮಿತಿ ಹಾಕದೆ ಬಿಟ್ಟರೆ ಏನಾಗುತ್ತೆ ಲೆಕ್ಕ ಹಾಕಿ ನೋಡಿ. 26 ಜನ ತಲಾ 800 ಪದ ಬರೆದರೆ 20,800 ಪದ. ಅದನ್ನು ಓದಿ, ಒಂದರ ಜೊತೆ ಒಂದು ತಾಳೆ ನೋಡಿ, ಅಷ್ಟೇ ಉದ್ದ ಉತ್ತರ ಬರೆಯೋದು ಯಾರ ಕೈಲೂ ಆಗದ ಕೆಲಸ. ಪಾತ್ರಕ್ಕೆ ಎರಡೇ ಕೆಲಸ, ಒಂದೊಂದಕ್ಕೆ 150 ಪದ ಅಂತ ಕಟ್ಟುಮಾಡಿ. ಆಗ 52 ಕೆಲಸ. ಒಂದಕ್ಕೆ 15 ನಿಮಿಷ ಹಿಡಿದರೆ 13 ಗಂಟೆ, ಮೂವರಲ್ಲಿ ಹಂಚಿದರೆ ತಲಾ ನಾಲ್ಕೂವರೆ ಗಂಟೆಯೂ ಇಲ್ಲ. ನಾಲ್ಕು ವಾರದಲ್ಲಿ ಅಷ್ಟು ಮಾಡಬಹುದು.

ಫಾರಂನಲ್ಲಿ ಮೂರು ಅಂಕಣ ಸಾಕು: ಏನು ಮಾಡ್ತೀರಿ, ಯಾಕೆ, ಏನು ಪಣ ಇಡ್ತೀರಿ. "ಬಾವಿಯ ಬಗ್ಗೆ ವಿಚಾರಿಸುತ್ತೇನೆ" ಅಂತ ಬಂದರೆ ಉತ್ತರ ಬರೆಯುವವರು ಕತ್ತಲಲ್ಲಿ ತಡಕಬೇಕಾಗುತ್ತೆ. ಹೀಗೆ ಬಂದರೆ ನೋಡಿ: "ಕೆಳಹಳ್ಳಿಯ ಬಾವಿ ಕೆಟ್ಟದ್ದು ಯಾರಿಂದ ಅಂತ ತಿಳಿಯಲು ಎರಡು ವಾರ ಗಣಿಯಲ್ಲಿ ಕೂಲಿಗೆ ಸೇರುತ್ತೇನೆ. ಉದ್ದೇಶ: ಗಣಿ ಮುಚ್ಚಿಸೋಕೆ ಸಾಕ್ಷಿ. ಪಣ: ಸಿಕ್ಕಿಬಿದ್ದರೆ ಗಣಿ ಯಜಮಾನನಿಗೆ ನನ್ನ ಗುರುತು ಸಿಗುತ್ತೆ, ಒಪ್ಪಿಗೆ." ಇದಕ್ಕೆ ಉತ್ತರ ತಾನೇ ಹುಟ್ಟುತ್ತೆ. ಸಾಕ್ಷಿಯಾಗಿ ಗಣಿಯ ಲೆಕ್ಕದ ಪುಸ್ತಕದಿಂದ ಹರಿದ ಅರ್ಧ ಹಾಳೆ ಇವರಿಗೆ ಕೊಡಿ, ಅದರ ಇನ್ನರ್ಧವನ್ನು ಬೇರೆ ಗುಂಪಿನ ಯಾರ ಲಕೋಟೆಗಾದರೂ ಹಾಕಿ. ಡೌನ್‌ಟೈಮ್ ಉತ್ತರ ಯಾವತ್ತೂ ಪೂರ್ತಿ ವಿಷಯ ಹೇಳಬಾರದು. ಮನೆಯಲ್ಲಿ ಕೂತೇ ಗುಟ್ಟು ಬಿಡಿಸಿಕೊಂಡವನಿಗೆ ಕ್ಯಾಂಪಿಗೆ ಬಂದು ಯಾರನ್ನೂ ಮಾತಾಡಿಸುವ ಕೆಲಸ ಉಳಿಯೋದಿಲ್ಲ.

ಪ್ಲಾಟ್ ವಿಷಯ. ತಾಳಮದ್ದಳೆ ಕೇಳಿ ಬೆಳೆದವರಿಗೆ ಬೇಗ ಅರ್ಥ ಆಗುತ್ತೆ. ಅಲ್ಲಿ ಪ್ರಸಂಗದ ಪದ್ಯ ಮೊದಲೇ ಇರುತ್ತೆ, ಅರ್ಥಧಾರಿಯ ಮಾತು ಮಾತ್ರ ಆಶು. ಲಾರ್ಪ್‌ನಲ್ಲಿ ಪದ್ಯವೂ ಇಲ್ಲ. ಸಂಧಾನಕ್ಕೆ ಬಂದ ಕೃಷ್ಣನ ಮಾತಿಗೆ ಕೌರವ ಒಪ್ಪಿಬಿಟ್ಟರೆ ಮುಂದೇನು ಅನ್ನೋದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಅದಕ್ಕೇ ದೃಶ್ಯ ಬರೆಯಬೇಡಿ, ಒತ್ತಡ ಬರೆಯಿರಿ. ಪ್ರತಿ ಎಳೆಗೂ ಒಂದು ಕಾರ್ಡ್: ಯಾರಿಗೆ ಏನು ಬೇಕು, ಅದಕ್ಕಾಗಿ ಅವರು ಇಡುವ ಐದು ಹೆಜ್ಜೆ, ಯಾರೂ ತಡೆಯದಿದ್ದರೆ ಐದನೇ ಹೆಜ್ಜೆಯಲ್ಲಿ ಆಗುವುದೇನು. ಒಂದೊಂದು ಆಟಕ್ಕೆ ಒಂದೊಂದು ಹೆಜ್ಜೆ. ಆಟಗಾರರು ಕೈ ಹಾಕಿದರೆ ಹೆಜ್ಜೆ ಹಿಂದೆ ಹೋಗುತ್ತೆ ಅಥವಾ ದಾರಿ ತಿರುಗುತ್ತೆ. ತಲೆ ಕೆಡಿಸಿಕೊಳ್ಳದಿದ್ದರೆ ಮುಂದೆ ಹೋಗುತ್ತೆ. ತಮ್ಮ ಉದಾಸೀನಕ್ಕೂ ಲೋಕ ಬದಲಾಗುತ್ತೆ ಅಂತ ಎರಡನೇ ಆಟದಲ್ಲೇ ಕಂಡವರು ಮೂರನೆಯದಕ್ಕೆ ತಾವಾಗೇ ಕಥೆ ಹುಡುಕುತ್ತಾರೆ.

26 ಜನಕ್ಕೆ ಏಕಕಾಲಕ್ಕೆ ನಾಲ್ಕು ಎಳೆ ಸಾಕು, ಅಂದರೆ ಆರೇಳು ಜನಕ್ಕೊಂದು. ನಾಲ್ಕೂ ಒಂದೇ ಆಟದಲ್ಲಿ ಶುರುವಾಗಿ ಒಂದೇ ಆಟದಲ್ಲಿ ಮುಗಿಯಬಾರದು. ಪ್ರತಿ ವಾರಾಂತ್ಯದಲ್ಲಿ ಒಂದು ಮುಗಿಯಲಿ, ಒಂದು ಹುಟ್ಟಲಿ, ಎರಡು ನಡುವೆ ಇರಲಿ. ಮುಂದಿನ ಆಟದ ವಿವರ ಪೂರ್ತಿ, ಅದರಾಚೆಯದು ಒಂದು ಪುಟ, ಅದಕ್ಕಿಂತ ಆಚೆಗೆ ಒಂದೇ ಸಾಲು. ಹೆಚ್ಚು ಬರೆದಿಟ್ಟಷ್ಟೂ ಆಟಗಾರರ ನಿರ್ಧಾರವನ್ನು ಬಗ್ಗಿಸಿ ನಿಮ್ಮ ಬರಹ ಉಳಿಸಿಕೊಳ್ಳುವ ಆಸೆ ಬರುತ್ತೆ, ಅದು ಅವರಿಗೆ ಕೂಡಲೇ ಗೊತ್ತಾಗುತ್ತೆ. ಮತ್ತೆ, ಯಾವ ಮುಖ್ಯ ವಿಷಯಕ್ಕೂ ಒಂದೇ ದಾರಿ ಇಡಬೇಡಿ. ಪತ್ರ ಒದ್ದೆಯಾಗುತ್ತೆ, ಹೇಳಬೇಕಾದ ಎನ್‌ಪಿಸಿಯನ್ನು ಮಾತಾಡೋಕೆ ಮುಂಚೆ ಕೊಂದುಬಿಡ್ತಾರೆ. ಮೂರು ದಾರಿ ಇದ್ದರೆ ಒಂದಾದರೂ ತಲುಪುತ್ತೆ.

ಒಂದು ಪಟ್ಟಿ ಮಾತ್ರ ಪ್ರಾಣದ ಹಾಗೆ ಕಾಪಾಡಿ: ಯಾವ ಎನ್‌ಪಿಸಿ ಯಾರಿಗೆ ಏನು ಮಾತು ಕೊಟ್ಟ ಅನ್ನೋದು. ಶನಿವಾರ ರಾತ್ರಿ ಬೆಂಕಿಯ ಮುಂದೆ ವ್ಯಾಪಾರಿ "ಮುಂದಿನ ಸಲ ನಿಮ್ಮಣ್ಣನ ಮುದ್ರೆಯುಂಗುರ ತಂದುಕೊಡ್ತೀನಿ" ಅಂದಿರುತ್ತಾನೆ. ಆ ವ್ಯಾಪಾರಿ ಆಡಿದವರು ಮುಂದಿನ ಸಲ ಬರೋದೇ ಇಲ್ಲ. ನಡೆಸುವವರಿಗೆ ಅದು ನೂರರಲ್ಲಿ ಒಂದು ಮಾತು, ಆಟಗಾರ್ತಿಗೆ ಮೂರು ತಿಂಗಳ ನಿರೀಕ್ಷೆ. ಆ ಉಂಗುರ ಬರದಿದ್ದರೆ ಅವರು ಬಾಯಿಬಿಟ್ಟು ಏನೂ ಅನ್ನೋದಿಲ್ಲ, ಆದರೆ ಈ ಲೋಕದ ಮೇಲಿನ ನಂಬಿಕೆ ಹೋಗುತ್ತೆ. ಪಾತ್ರ ಮುಗಿಸಿ ಬಂದ ಪ್ರತಿ ಎನ್‌ಪಿಸಿಯೂ ವೇಷ ಕಳಚುವ ಮುಂಚೆ ಎರಡು ಸಾಲು ಬರೆಯಲೇಬೇಕು ಅಂತ ನಿಯಮ ಮಾಡಿ. ದೊಡ್ಡ ಹಾಳೆ, ಹಗ್ಗಕ್ಕೆ ಕಟ್ಟಿದ ಪೆನ್ನು, ಗುಡಾರದ ಬಾಗಿಲಲ್ಲೇ ಇರಲಿ.

---

ಹಿಂಬದಿ_ಗುಡಾರ

ಕ್ರೂ ಬಗ್ಗೆ ನಾನು ಬರೀತೀನಿ. 26 ಆಟಗಾರರಿಗೆ ಪೂರ್ತಿ ವಾರಾಂತ್ಯ ಎನ್‌ಪಿಸಿ ಆಡೋಕೆ ಎಂಟರಿಂದ ಹತ್ತು ಜನ, ಅದರ ಮೇಲೆ ನೀವು ಮೂವರು. ಅಷ್ಟು ಜನ ಸಿಗದಿದ್ದರೆ ಆಟಗಾರರನ್ನೇ ಸರದಿಯಲ್ಲಿ ಬಳಸಿ. ಎಂಪೈರ್‌ನಲ್ಲಿ ದೊಡ್ಡ ಕಾಳಗಗಳಿಗೆ ಹೀಗೇ ಮಾಡುತ್ತಾರೆ: ಒಂದು ದಿನ ಅರ್ಧ ಜನ ತಮ್ಮ ಪಾತ್ರವಾಗಿ ಹೋರಾಡಿದರೆ ಉಳಿದರ್ಧ ಶತ್ರುಪಡೆ, ಮರುದಿನ ಅದಲುಬದಲು. ಸಾವಿರಾರು ಜನಕ್ಕೆ ನಡೆಯುವ ಈ ಉಪಾಯ 26 ಜನಕ್ಕೂ ನಡೆಯುತ್ತೆ. ಆರಾರು ಜನದ ತಂಡ ಮಾಡಿ, ಪ್ರತಿ ತಂಡ ಶನಿವಾರ ಎರಡು ಗಂಟೆ ಕ್ರೂಗೆ ಕೊಡಲಿ. ಆದರೆ ಯಾರ ಸರದಿ ಯಾವಾಗ ಅಂತ ಟಿಕೆಟ್ ಜೊತೆಗೇ ತಿಳಿಸಿ. ಆಟದ ನಡುವೆ ಬಂದು "ಬನ್ನಿ, ಈಗ ನಿಮ್ಮ ಸರದಿ" ಅಂದರೆ ಅವರ ಒಂದು ಒಳ್ಳೆಯ ಮಾತುಕತೆ ಕಡಿದುಹೋಗುತ್ತೆ.

ಎನ್‌ಪಿಸಿಗೆ ಕೊಡುವ ಕಾರ್ಡ್ ಅಂಗೈಯಗಲ ಇರಬೇಕು, ಅದಕ್ಕಿಂತ ದೊಡ್ಡದನ್ನು ಯಾರೂ ಓದೋದಿಲ್ಲ. ಮಾದರಿ:

"ತೋಟದ ಮುದುಕ. ಬೇಕಾದದ್ದು: ಮಗಳು ಎಲ್ಲಿದ್ದಾಳೆ? ಗೊತ್ತಿರುವುದು: ಸೇತುವೆಯ ಕಾವಲು ಎರಡನೇ ಜಾವದಲ್ಲಿ ಬದಲಾಗುತ್ತೆ. ಗೊತ್ತಿಲ್ಲದ್ದು: ಮಗಳನ್ನು ಒಯ್ದವರು ಯಾರು (ಊಹಿಸಿ ಹೇಳಬೇಡಿ). ಹೋಗಬೇಕಾದದ್ದು: ನೀಲಿ ಸೊಂಟಪಟ್ಟಿಯವರ ಹತ್ತಿರ, ಮುಖಂಡನನ್ನು ಬಿಟ್ಟು. ಸಮಯ: 25 ನಿಮಿಷ. ಹೊಡೆದರೆ: ಒಂದೇ ಏಟಿಗೆ ಬೀಳಿ."

ಇದರಲ್ಲಿ ಎರಡು ಸಾಲು ಬಹಳ ಮುಖ್ಯ. "ಗೊತ್ತಿಲ್ಲದ್ದು" ಅಂತ ಬರೆಯದಿದ್ದರೆ ಆಡುವವರು ಪ್ರಶ್ನೆಗೆ ಉತ್ತರ ಕೊಡುವ ಹುಮ್ಮಸ್ಸಿನಲ್ಲಿ ಏನೋ ಕಟ್ಟಿ ಹೇಳ್ತಾರೆ, ಅದನ್ನು ಸರಿಮಾಡೋಕೆ ನಿಮಗೆ ಎರಡು ಆಟ ಬೇಕಾಗುತ್ತೆ. ಇನ್ನೊಂದು, "ಮುಖಂಡನನ್ನು ಬಿಟ್ಟು". ಕ್ಯಾಂಪೇನ್ ಕೆಡುವ ಅತಿ ಸಾಮಾನ್ಯ ಕಾರಣ ಇದೇ: ಎನ್‌ಪಿಸಿ ಒಳಗೆ ಬಂದು "ಇಲ್ಲಿ ಯಜಮಾನರು ಯಾರು?" ಅಂತ ಕೇಳ್ತಾನೆ, ದೊಡ್ಡ ಗಂಟಲಿನ ಐದು ಜನಕ್ಕೆ ಕಥೆಯೆಲ್ಲ ಸಿಗುತ್ತೆ, ಉಳಿದವರು ಮೂರನೇ ಆಟದ ಹೊತ್ತಿಗೆ ಬರೋದು ನಿಲ್ಲಿಸ್ತಾರೆ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಆಟಗಳು, ಉದ್ದಕ್ಕೆ 26 ಪಾತ್ರದ ಹೆಸರು ಬರೆಯಿರಿ. ಆ ಪಾತ್ರಕ್ಕೆಂದೇ ಏನಾದರೂ ತಲುಪಿದ್ದರೆ, ಪತ್ರ, ಹಳೆಯ ಪರಿಚಯದವನು, ಒಂದು ಹಗೆ, ಏನೇ ಆಗಲಿ, ಅಲ್ಲೊಂದು ಗುರುತು ಹಾಕಿ. ಯಾರ ಸಾಲಲ್ಲೂ ಎರಡು ಮನೆ ಒಟ್ಟಿಗೆ ಖಾಲಿ ಇರಬಾರದು.

ವೇಷದ ಪೆಟ್ಟಿಗೆಗಳನ್ನು ಬಟ್ಟೆಯ ಜಾತಿ ಪ್ರಕಾರ ಜೋಡಿಸಬೇಡಿ, ಪಾತ್ರದ ಪ್ರಕಾರ ಜೋಡಿಸಿ. "ಕಾವಲುಗಾರರು, ಆರು ಜನ" ಅಂತ ಚೀಟಿ ಅಂಟಿಸಿದ ಒಂದೇ ಪೆಟ್ಟಿಗೆಯಲ್ಲಿ ಆರು ಮೇಲಂಗಿ, ಆರು ಪಟ್ಟಿ, ಆರು ಟೋಪಿ. ನಾಲ್ಕು ನಿಮಿಷದಲ್ಲಿ ತಯಾರಾಗಬಹುದು. ಕ್ರೂಗೆ ಊಟ ಆಟಗಾರರಿಗಿಂತ ಮೊದಲು, ಬಿಸಿಯಾಗಿ. ರಾತ್ರಿ ಒಂದು ಗಂಟೆಯ ನಂತರ ಆಡಿದವರಿಗೆ ಬೆಳಿಗ್ಗೆ ಹತ್ತರವರೆಗೆ ಕೆಲಸ ಹಚ್ಚಬೇಡಿ.

ದುಡ್ಡಿನ ಬಗ್ಗೆ ಒಂದೇ ಮಾತು. ಒಟ್ಟು ಖರ್ಚನ್ನು 26ರಿಂದ ಭಾಗಿಸಬೇಡಿ, 20ರಿಂದ ಭಾಗಿಸಿ ಟಿಕೆಟ್ ದರ ಇಡಿ. ಕೊನೇ ವಾರ ನಾಲ್ಕೈದು ಜನ ಬರದಿರೋದು ಸಹಜ. ಜಾಗದವರು ಪಬ್ಲಿಕ್ ಲಯಬಿಲಿಟಿ ವಿಮೆಯ ಪತ್ರ ಕೇಳಬಹುದು, ಹೊಡೆದಾಟ ಇದೆ ಅನ್ನೋದನ್ನು ವಿಮೆಯವರಿಗೂ ಜಾಗದವರಿಗೂ ಮೊದಲೇ ಬರಹದಲ್ಲಿ ತಿಳಿಸಿರಿ.

---

ಲೇಟೆಕ್ಸ್_ಕಮ್ಮಾರ

ಆಯುಧ ತಪಾಸಣೆ ಪ್ರತಿ ಆಟದ ಶುರುವಿನಲ್ಲಿ, ಪ್ರತಿ ಆಯುಧಕ್ಕೆ. ಹೋದ ಸಲ ಪಾಸಾಗಿತ್ತು ಅನ್ನೋದು ಲೆಕ್ಕಕ್ಕಿಲ್ಲ. ಲೇಟೆಕ್ಸ್ ಕತ್ತಿಯ ಒಳಗೆ ಸಾಮಾನ್ಯವಾಗಿ ಫೈಬರ್‌ಗ್ಲಾಸ್ ಸರಳು, ಅದರ ಸುತ್ತ ಫೋಮ್, ಮೇಲೆ ಲೇಟೆಕ್ಸ್ ಪದರಗಳು. ಅಪಾಯ ಇರುವುದು ತುದಿಯಲ್ಲಿ. ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ಒತ್ತಿ. ಮೆತ್ತಗೆ ಒಳಗೆ ಹೋಗಿ ಮತ್ತೆ ಅರಳಬೇಕು. ಒಳಗೆ ಗಟ್ಟಿ ಮೊನೆ ಬೆರಳಿಗೆ ತಾಗಿತು ಅಂದರೆ ಸರಳು ಫೋಮ್ ಕೊರೆದುಕೊಂಡು ಬರುತ್ತಿದೆ, ಅದು ಆವತ್ತೇ ಆಟದಿಂದ ಹೊರಗೆ. ಆಮೇಲೆ ಅಲಗನ್ನು ಸ್ವಲ್ಪ ಬಗ್ಗಿಸಿ ಬಿಡಿ, ನೇರಕ್ಕೆ ಬರದಿದ್ದರೆ ಅಥವಾ ಒಳಗೆ ಕರಕರ ಸದ್ದು ಬಂದರೆ ಸರಳು ಮುರಿದಿದೆ. ಕೊನೆಗೆ ನಿಮ್ಮ ತೊಡೆಗೆ ನೀವೇ ಒಂದು ಏಟು ಹೊಡೆದುಕೊಂಡು ನೋಡಿ.

ತುದಿ ಕೆಡೋದು ಬಹುತೇಕ ಒಂದೇ ಕಾರಣಕ್ಕೆ: ಜನ ನಿಂತು ಮಾತಾಡುವಾಗ ಕತ್ತಿಯನ್ನು ಊರುಗೋಲಿನ ಹಾಗೆ ನೆಲಕ್ಕೆ ಊರಿ ಭಾರ ಹಾಕ್ತಾರೆ. ಎಷ್ಟು ಸಲ ಹೇಳಿದರೂ ಕಮ್ಮಿಯೇ. ತಿವಿಯೋದಕ್ಕೆಂದೇ ಮಾಡಿದ ಆಯುಧ ಬಿಟ್ಟು ಬೇರೆ ಯಾವುದರಿಂದಲೂ ತಿವಿಯುವಂತಿಲ್ಲ. ತಲೆ, ಕುತ್ತಿಗೆ, ತೊಡೆಸಂದಿಗೆ ಏಟಿಲ್ಲ. ಬಿಲ್ಲಿದ್ದರೆ ಯು.ಕೆ.ಯ ಅನೇಕ ಆಟಗಳು ಒಪ್ಪುವ ಮಿತಿ 28 ಇಂಚು ಎಳೆತಕ್ಕೆ 30 ಪೌಂಡ್, ಬಾಣದ ತಲೆ ಅಗಲವಾದ ಫೋಮಿನದು. ತಲೆ ಸಡಿಲವಾಗಿ ಗಿರಗಿರ ತಿರುಗಿದರೂ ಆ ಬಾಣ ಬೇಡ.

ಸಂಗ್ರಹ: ಬಟ್ಟೆಯಲ್ಲಿ ಸುತ್ತಿ, ಅಡ್ಡ ಮಲಗಿಸಿ ಅಥವಾ ಹಿಡಿಯಿಂದ ತೂಗುಹಾಕಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯೊಳಗೆ ಬಿಟ್ಟರೆ ಎರಡು ಕತ್ತಿ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಚರ್ಮ ಸುಲಿದ ಹಾಗೆ ಲೇಟೆಕ್ಸ್ ಕಿತ್ತುಬರುತ್ತೆ. ತಿಂಗಳಿಗೊಮ್ಮೆ ಸಿಲಿಕೋನ್ ಸ್ಪ್ರೇ. ಎಣ್ಣೆ, ವ್ಯಾಸಲೀನ್, ಪೆಟ್ರೋಲಿಯಂ ಅಂಶ ಇರುವ ಯಾವುದನ್ನೂ ಮುಟ್ಟಿಸಬೇಡಿ, ಲೇಟೆಕ್ಸ್ ಕರಗುತ್ತೆ.

ನಿಲ್ಲಿಸುವ ಕೂಗಿನ ವಿಚಾರ. ಯುದ್ಧದಲ್ಲಿ "ವೈದ್ಯರೇ, ಬನ್ನಿ!" ಅಂತ ಪಾತ್ರಗಳು ಕೂಗುತ್ತಲೇ ಇರುತ್ತವೆ. ಹಾಗಾಗಿ ನಿಜವಾಗಿ ಕಾಲು ಉಳುಕಿದಾಗ ಕೂಗುವ ಮಾತು ಆಟದೊಳಗೆ ಯಾವತ್ತೂ ಬಾರದ ಮಾತಾಗಿರಬೇಕು. ಇಲ್ಲಿ "ಮ್ಯಾನ್ ಡೌನ್" ರೂಢಿಯಲ್ಲಿದೆ, ಅಮೆರಿಕದ ಕಡೆ "ಹೋಲ್ಡ್". ಕನ್ನಡ ಇಂಗ್ಲಿಷ್ ಎರಡೂ ಆಡುವ ಗುಂಪಾದರೂ ಕೂಗು ಒಂದೇ ಇರಲಿ, ಎರಡು ಭಾಷೆಗೆ ಎರಡು ಮಾಡಬೇಡಿ. ಕೇಳಿದ ಕೂಡಲೇ ಎಲ್ಲರೂ ಒಂದು ಮಂಡಿಯೂರಿ ಕೂರೋದು ಅಂತ ಅಭ್ಯಾಸ ಮಾಡಿಸಿದರೆ ನಿಂತಿರುವ ರೆಫರಿ, ಪ್ರಥಮ ಚಿಕಿತ್ಸೆಯವರು ದೂರದಿಂದಲೇ ಕಾಣ್ತಾರೆ.

ಕತ್ತಲಾದ ಮೇಲೆ ಗುಡಾರಗಳ ನಡುವೆ ಹೊಡೆದಾಟ ಖಂಡಿತ ಬೇಡ, ಹಗ್ಗಕ್ಕೆ ಕಾಲು ಸಿಕ್ಕಿ ಬೀಳೋದು ಕತ್ತಿಯೇಟಿಗಿಂತ ಅಪಾಯ. ಚಳಿ ಅಂತ ಇದ್ದಲಿನ ಬಾರ್ಬೆಕ್ಯೂವನ್ನು ಗುಡಾರದೊಳಗೆ ಒಯ್ಯೋದನ್ನು ಯಾರೂ, ಯಾವ ಕಾರಣಕ್ಕೂ ಮಾಡಕೂಡದು. ಆರಿದ ಹಾಗೆ ಕಾಣುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತೆ, ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳೋದಿಲ್ಲ. ಈ ಒಂದು ವಾಕ್ಯವನ್ನು ಶುಕ್ರವಾರ ರಾತ್ರಿ ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿ.

---

ಚೌಕಿಮನೆ

ಆಡುವವರ ಕಡೆಯಿಂದ ನಾನು ಸೇರಿಸ್ತೀನಿ. ಪಾತ್ರ ಮೂರು ವರ್ಷ ಬಾಳಬೇಕಾದರೆ ಅದರ ಹಿಂದಿನ ಕಥೆ ಹತ್ತು ಪುಟ ಇದ್ದು ಪ್ರಯೋಜನವಿಲ್ಲ. ಮೂರು ಕೊಂಡಿ ಸಾಕು, ಮೂರೂ ಬೇರೆ ಬೇರೆ ಆಟಗಾರರ ಜೊತೆ: ನೀನು ಯಾರಿಗೋ ಋಣಿ, ಯಾರೋ ನಿನಗೆ ಋಣಿ, ಇನ್ಯಾರ ಮೇಲೋ ನಿನಗೆ ಪೂರ್ತಿ ನಂಬಿಕೆ ಇಲ್ಲ. ಒಬ್ಬರಾದರೂ ನಿನ್ನ ಗುಂಪಿನ ಹೊರಗಿನವರಾಗಿರಬೇಕು. ಪ್ಲಾಟ್ ಏನೂ ಬಾರದ ಶನಿವಾರ ಮಧ್ಯಾಹ್ನವನ್ನು ನಡೆಸಿಕೊಡುವುದು ಈ ಕೊಂಡಿಗಳೇ.

ಗುಟ್ಟಿನ ಬಗ್ಗೆ ಬಹಳ ಜನ ತಪ್ಪು ತಿಳೀತಾರೆ. ಯಾರಿಗೂ ಗೊತ್ತಿಲ್ಲದ ಗುಟ್ಟು ಇದ್ದೂ ಇಲ್ಲದ ಹಾಗೆ. ಇನ್ನಿಬ್ಬರು ಆಟಗಾರರಿಗೆ ಅರ್ಧಂಬರ್ಧ ಗೊತ್ತಿರಲಿ, ಅವರ ಪಾತ್ರ ಅದನ್ನು ಹಿಡಿದು ಎಳೆಯಲಿ. ಗೆಲ್ಲೋಕೆ ಅಂತಲೇ ಆಡುವವರಿಗೆ ಬೇಗ ಬೇಸರ ಬರುತ್ತೆ. ತನ್ನ ಪಾತ್ರದ ದೌರ್ಬಲ್ಯವನ್ನು ಎದುರಿನವರ ಕೈಗೆ ಕೊಟ್ಟು ಆಡುವವರ ಸುತ್ತ ಜನ ಸೇರ್ತಾರೆ. ಎದುರಿನವರು ದೊಡ್ಡ ಮಾಂತ್ರಿಕ ಅಂತ ಹೇಳಿಕೊಂಡರೆ ಅವರನ್ನು ಮಾಂತ್ರಿಕರಾಗಿಸೋದು ನಿಮ್ಮ ಹೆದರಿಕೆ, ಅವರ ಟೋಪಿಯಲ್ಲ.

ವೇಷ ಮೊದಲ ಆಟಕ್ಕೇ ಮುಗಿದಿರಬೇಕಿಲ್ಲ. ಉಣ್ಣೆಯ ಒಳಪದರ, ಒಳ್ಳೆ ಬೂಟು, ಒಂದು ನಿಲುವಂಗಿ, ಒಂದು ಪಟ್ಟಿ ಸಾಕು. ಆಟಕ್ಕೊಂದು ವಸ್ತು ಕೂಡಿಸಿ ಅಥವಾ ಕಳೆಯಿರಿ, ಆದರೆ ಆಟದಲ್ಲಿ ಆದದ್ದಕ್ಕೆ ತಕ್ಕ ಹಾಗೆ. ಸೋತ ಯುದ್ಧದ ನಂತರ ಹರಿದ ಅಂಚನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದುಕೊಂಡು ಬಂದರೆ ನೋಡಿದವರು ಕೇಳಿಯೇ ಕೇಳ್ತಾರೆ. ಆಟ ಮುಗಿದ ದಿನ ಹತ್ತು ಸಾಲು ಬರೆದಿಡಿ, ಹೆಸರುಗಳು ಮತ್ತು ಕೊಟ್ಟ ಮಾತುಗಳು ಮಾತ್ರ. ಮೂರು ತಿಂಗಳ ನಂತರ ಮರೆತುಹೋಗುವುದು ಅವೇ.

ಭಾವನೆಯ ವಿಚಾರಕ್ಕೆ ನಡೆಸುವವರೂ ಗಮನ ಕೊಡಿ. ಪಾತ್ರದ ಸಿಟ್ಟು, ಪ್ರೀತಿ, ಅವಮಾನ ಆಟಗಾರರಿಗೆ ಅಂಟೋದನ್ನು ನಾರ್ಡಿಕ್ ದೇಶಗಳ ಆಟಗಾರರು 'ಬ್ಲೀಡ್' ಅನ್ನುತ್ತಾರೆ. 1997ರಲ್ಲಿ ಓಸ್ಲೋದಲ್ಲಿ ಶುರುವಾದ ಕ್ನೂಟೆಪುಂಕ್ಟ್ ಅನ್ನುವ ಲಾರ್ಪ್ ಸಮಾವೇಶದ ಸುತ್ತ ಇದೆಲ್ಲ ಬಹಳ ಚರ್ಚೆಯಾಗಿದೆ. ಒಂದು ದಿನದ ಆಟದಲ್ಲಿ ಇದು ಸೋಮವಾರಕ್ಕೆ ಇಳಿಯುತ್ತೆ. ಕ್ಯಾಂಪೇನ್‌ನಲ್ಲಿ ಹಾಗಲ್ಲ, ಮುಂದಿನ ಆಟದವರೆಗೂ ಒಳಗೊಳಗೇ ಬೇಯುತ್ತೆ. ಅದಕ್ಕೆ ಮೂರು ಸಲಕರಣೆ. ಒಂದು, ಓಕೆ ಸನ್ನೆ: ಎದುರಿನವರು ನಿಜವಾಗಿ ಅಳುತ್ತಿದ್ದಾರೋ ಪಾತ್ರ ಅಳುತ್ತಿದೆಯೋ ತಿಳಿಯದಿದ್ದರೆ ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರದ ಸನ್ನೆ ತೋರಿಸಿ. ಉತ್ತರವಾಗಿ ಅವರ ಹೆಬ್ಬೆರಳು ಮೇಲಾದರೆ ಮುಂದುವರಿಸಿ, ಅಡ್ಡ ಅಥವಾ ಕೆಳಗಾದರೆ ಪಕ್ಕಕ್ಕೆ ಕರೆದೊಯ್ಯಿರಿ. ಎರಡು, ಹಣೆಗೆ ಕೈ ಮರೆಮಾಡಿ ತಲೆತಗ್ಗಿಸಿ ಹೊರಟುಹೋದವರನ್ನು ಯಾರೂ ತಡೆಯುವಂತಿಲ್ಲ, ಕಾರಣ ಕೇಳುವಂತಿಲ್ಲ. ಮೂರು, ಭಾನುವಾರ ಗುಡಾರ ಬಿಚ್ಚುವ ಮುಂಚೆ 20 ನಿಮಿಷ ಎಲ್ಲರೂ ಸುತ್ತ ಕೂತು, ವೇಷದ ಒಂದು ವಸ್ತು ತೆಗೆದಿಟ್ಟು, ತಮ್ಮ ನಿಜವಾದ ಹೆಸರು ಹೇಳಿ, ಪಾತ್ರವಾಗಿ ಜಗಳಾಡಿದವರ ಜೊತೆ ಒಂದು ಮಾತಾಡೋದು. ಸಾಮಾನು ಕಟ್ಟಿದ ಮೇಲೆ ಮಾಡೋಣ ಅಂದರೆ ಯಾರೂ ಉಳಿಯೋದಿಲ್ಲ.

---

ಜಯನಗರದ_ಬಿಲ್ಲುಗಾರ್ತಿ

ಬೆಂಗಳೂರಿಂದ ಒಂದು ಪ್ರಶ್ನೆ. ಇಲ್ಲಿ ಲೇಟೆಕ್ಸ್ ಕತ್ತಿ ತರಿಸಬೇಕಾದರೆ ಸಾಗಣೆ ಖರ್ಚೇ ಭಾರ. ಇಲ್ಲೇ ಸಿಗುವ ಸಾಮಾನಿನಿಂದ ಭದ್ರವಾದದ್ದು ಮಾಡಿಕೊಳ್ಳಬಹುದಾ?

---

ಲೇಟೆಕ್ಸ್_ಕಮ್ಮಾರ

ಧಾರಾಳವಾಗಿ. ಅರ್ಧ ಇಂಚಿನ ಯುಪಿವಿಸಿ ನೀರಿನ ಪೈಪ್ ತಗೊಳ್ಳಿ, ಹೊರವ್ಯಾಸ ಸುಮಾರು 21 ಮಿ.ಮೀ. ಅರ್ಧ ಇಂಚಿನದೇ ಸಿಪಿವಿಸಿ ತಗೋಬೇಡಿ, ಅದು 16 ಮಿ.ಮೀ.ನಷ್ಟು ಸಣ್ಣ, ಚಾಟಿಯ ಹಾಗೆ ಬಳುಕುತ್ತೆ. ಮೇಲಿನ ಫೋಮಿಗೆ ಎಸಿಯ ತಾಮ್ರದ ಪೈಪಿಗೆ ಹಾಕುವ ಇನ್ಸುಲೇಷನ್ ಟ್ಯೂಬ್, ಒಳವ್ಯಾಸ 22 ಮಿ.ಮೀ., ದಪ್ಪ 19 ಮಿ.ಮೀ. 13 ಮಿ.ಮೀ. ದಪ್ಪದ್ದು ಅಗ್ಗ ಅಂತ ತಗೊಂಡರೆ ಮೂಳೆಗೆ ತಾಗುತ್ತೆ.

90 ಸೆಂ.ಮೀ. ಕತ್ತಿಗೆ ಲೆಕ್ಕ: ಪೈಪ್ 84 ಸೆಂ.ಮೀ., ಅದರಲ್ಲಿ 16 ಹಿಡಿಕೆ. ಉಳಿದ 68ರ ಮೇಲೆ 74 ಸೆಂ.ಮೀ. ಟ್ಯೂಬ್ ಏರಿಸಿ, ತುದಿಯಲ್ಲಿ 6 ಸೆಂ.ಮೀ. ಪೈಪಿನಾಚೆ ಉಳಿಯುತ್ತೆ. ಏರಿಸುವ ಮುಂಚೆ ಪೈಪಿನ ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಬೇಡಿ, ಅದು ದಪ್ಪ, ಟ್ಯೂಬ್ ಹರಿಯುತ್ತೆ. ಬಾಯಿ ಮುಚ್ಚೋಕೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಪೈಪಿನಗಲದ ಬಿಲ್ಲೆ ಕತ್ತರಿಸಿ ಅಂಟಿಸಿ, ಅದರ ಮೇಲೆ ಬಟ್ಟೆ ಟೇಪ್. ಬಿಲ್ಲೆ ಇಲ್ಲದಿದ್ದರೆ ಪೈಪಿನ ಅಂಚು ಬಿಸ್ಕತ್ತಿನ ಅಚ್ಚಿನ ಹಾಗೆ ಫೋಮನ್ನು ದುಂಡಗೆ ಕತ್ತರಿಸಿಕೊಂಡು ಹೊರಗೆ ಬರುತ್ತೆ. ಉಳಿದ 6 ಸೆಂ.ಮೀ. ಪೊಳ್ಳಿಗೆ ಮೆತ್ತನೆ ಸ್ಪಂಜ್ ತುಂಬಿ, ಬಾಯಿಗೆ ಇನ್ನೊಂದು ಫೋಮ್ ಬಿಲ್ಲೆ. ಹಿಡಿಕೆಯ ಬುಡಕ್ಕೂ ಫೋಮ್ ಉಂಡೆ ಮರೆಯಬೇಡಿ.

ಅಂಟಿಗೆ ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಸಲ್ಯೂಷನ್. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಹತ್ತು ಹದಿನೈದು ನಿಮಿಷ ಬಿಟ್ಟು ಆಮೇಲೆ ಜೋಡಿಸಿ. ಕಿಟಕಿ ತೆರೆದಿರಲಿ. ಡಕ್ಟ್ ಟೇಪನ್ನು ಸುರುಳಿ ಸುತ್ತಬೇಡಿ. ಸುತ್ತಿದಷ್ಟೂ ಫೋಮ್ ಬಿಗಿದು ದೊಣ್ಣೆಯಾಗುತ್ತೆ. ಉದ್ದುದ್ದ ಪಟ್ಟಿ ಹಚ್ಚಿ, ಅಥವಾ ಟೇಪೇ ಬೇಡ, ಹಳೆ ಲೆಗ್ಗಿಂಗ್ಸ್ ಬಟ್ಟೆಯ ಗವಸು ಹೊಲಿದು ಏರಿಸಿ. ಬೆವರಿಗೆ ಒಗೆಯಲೂಬಹುದು.

---

ಲೆಸ್ಟರ್_ಕನ್ನಡಿಗ

ಎಲ್ಲರಿಗೂ ತುಂಬಾ ಧನ್ಯವಾದ. ವರ್ಷಕ್ಕೆ ಮೂರಕ್ಕೆ ಇಳಿಸ್ತೀವಿ. ಹೊಸಬರ ಪ್ರಶ್ನೆ ಉಳೀತು. ಜೊತೆಗೆ, ಪಾತ್ರ ಸತ್ತರೆ?

---

ಪ್ರಸಂಗಪಟ್ಟಿ

ಹೊಸಬರಿಗೆ: ಆಟದಿಂದ ಆಟಕ್ಕೆ ಗಳಿಸಿ ವಿದ್ಯೆ ಕೊಳ್ಳುವ ಪಾಯಿಂಟ್‌ಗಳು ಪಾತ್ರವನ್ನು ಎತ್ತರ ಮಾಡಬಾರದು, ಅಗಲ ಮಾಡಬೇಕು. ಹಳಬರಿಗೆ ಹೆಚ್ಚು ವಿದ್ಯೆ ಇರಲಿ, ಆದರೆ ತಡೆದುಕೊಳ್ಳುವ ಏಟು ಎಲ್ಲರಿಗೂ ಹತ್ತಿರಹತ್ತಿರ. ಇಬ್ಬರು ಹೊಸಬರು ಸೇರಿದರೆ ಒಬ್ಬ ಹಳಬನನ್ನು ಬೀಳಿಸುವಂತಿರಬೇಕು, ಆಗ ಹಳಬನೂ ಅವರ ಜೊತೆ ಮಾತಾಡ್ತಾನೆ. 10 ಪಾಯಿಂಟಿಂದ ಶುರು, ಆಟಕ್ಕೆ ಒಂದು ಅಂತ ಇಟ್ಟರೆ, ನಡುವೆ ಸೇರಿದವರಿಗೆ ಅಲ್ಲಿಯವರೆಗೆ ಗಳಿಸಬಹುದಾಗಿದ್ದ ಹೆಚ್ಚುವರಿಯ ಅರ್ಧ ಕೊಡಿ. ಏಳನೇ ಆಟಕ್ಕೆ ಬಂದವರಿಗೆ 13, ಮೊದಲಿಂದ ಇರುವವರಿಗೆ 16. ಪಾಯಿಂಟಿಗಿಂತ ಮುಖ್ಯ, ಹಳಬರಿಗೆ ಬೇಕೇಬೇಕಾದ ಒಂದು ವಸ್ತು ಅಥವಾ ಸುದ್ದಿ ಹೊಸಬರ ಜೇಬಲ್ಲಿರಲಿ. ಶುಕ್ರವಾರ ರಾತ್ರಿ ಒಬ್ಬರೇ ಮೂಲೆಯಲ್ಲಿ ಕೂರುವ ಪ್ರಮೇಯ ಬರೋದಿಲ್ಲ. ಹಿಂದಿನ ಕಥೆಯ ಸಾರ ಒಂದೇ ಪುಟ, "ಊರಲ್ಲಿ ಜನ ಆಡಿಕೊಳ್ಳುವ ಮಾತು" ಅನ್ನುವ ಧಾಟಿಯಲ್ಲಿ. 40 ಪುಟದ ವಿಕಿ ಓದಿ ಬನ್ನಿ ಅಂದರೆ ಅರ್ಧ ಜನ ಬರೋದೇ ಇಲ್ಲ.

ಸಾವು: ಶನಿವಾರ ಸಂಜೆ ಏಳಕ್ಕೆ ಪಾತ್ರ ಸತ್ತರೆ ಆಟಗಾರರಿಗೆ ಇನ್ನೂ ಹದಿನೇಳು ಗಂಟೆ ಉಳಿದಿರುತ್ತೆ. ಅದನ್ನು ಅವರು ಕಾರಿನಲ್ಲಿ ಕೂತು ಕಳೆಯಬಾರದು. ಎಲ್ಲರಿಂದಲೂ ಎರಡನೇ ಪಾತ್ರವನ್ನು ಐದು ಸಾಲಲ್ಲಿ ಮೊದಲೇ ಬರೆಸಿಟ್ಟುಕೊಳ್ಳಿ. ಸತ್ತವರನ್ನು ಹಿಂಬದಿ ಗುಡಾರಕ್ಕೆ ಕರೆದೊಯ್ದು, ಟೀ ಕೊಟ್ಟು, ಸ್ವಲ್ಪ ಹೊತ್ತು ಮಾತಾಡಿ. ಮನಸ್ಸಿದ್ದರೆ ರಾತ್ರಿಗೆ ಒಳ್ಳೆಯ ಎನ್‌ಪಿಸಿ ಪಾತ್ರ, ಭಾನುವಾರ ಬೆಳಿಗ್ಗೆ ಹೊಸ ಪಾತ್ರವಾಗಿ ಒಳಗೆ. ಸತ್ತ ಪಾತ್ರದ ಒಂದು ವಸ್ತು, ಉಂಗುರವೋ ಪುಸ್ತಕವೋ, ಆಟದೊಳಗೇ ಉಳಿದು ಯಾರ ಕೈಗೆ ಹೋಗಬೇಕು ಅಂತ ಅವರನ್ನೇ ಕೇಳಿ. ಶವಸಂಸ್ಕಾರಕ್ಕೆ ಅರ್ಧ ಗಂಟೆ ಬಿಡಿ, ಆ ಹೊತ್ತಿಗೆ ಬೇರೆ ಯಾವ ದಾಳಿಯನ್ನೂ ಕಳಿಸಬೇಡಿ.